ಅಜ್ಜನ ಚಿತ್ರದಲ್ಲಿ ಕೆಂಪು ಹನಿ

"ಈ ಕೆಂಪು ಹನಿ ನೋಡಿ! ಇಡೀ ಚಿತ್ರದ ಜೀವ ಇಲ್ಲೇ ಇರೋದು," ಅಂದರು ಪಂಕಜಾ ಮೇಡಂ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ದಿವ್ಯ ಬೆರಳನ್ನು ದುಪಟ್ಟಾದೊಳಗೆ ಮುಚ್ಚಿಕೊಂಡಳು.

ಸಹಕಾರನಗರದ ಆ ಸ್ಟುಡಿಯೋ ನಿರಂಜನನದು. ಗೋಡೆಯ ಮೇಲಿದ್ದದ್ದು ಅವನ ಅಜ್ಜ ಸೇತುರಾಮಯ್ಯನವರ ಚಿತ್ರ. ಐವತ್ತರ ದಶಕದಲ್ಲಿ, ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಸುತ್ತ ಓಡಾಡುತ್ತಾ, ಕಡ್ಡಿಯಿಂದ ಬಣ್ಣ ತೊಟ್ಟಿಕ್ಕಿಸಿ ಮಾಡಿದ್ದು. ಅದು ಪ್ರದರ್ಶನಕ್ಕೆ ಹೋಗಬೇಕು, ಅಜ್ಜನ ಹೆಸರು ನಾಲ್ಕು ಜನರ ಬಾಯಲ್ಲಿ ಬರಬೇಕು ಅನ್ನುವುದು ನಿರಂಜನನ ಆಸೆ. ಆ ಪ್ರದರ್ಶನ ನಡೆಸುವ ಪಂಕಜಾ ಮೇಡಂ ಬಂದಿದ್ದೇ ಚಿತ್ರ ಆರಿಸುವುದಕ್ಕೆ.

ಅಲ್ಲಿ ಫೋಟೋ ತೆಗೆಯುವ ಕೆಲಸ ಕೋಗಿಲಿನಿಂದ ಬರುವ ದಿವ್ಯಳದು. ಆಯುಧಪೂಜೆಯ ದಿನ ಕ್ಯಾಮೆರಾ, ಕಂಪ್ಯೂಟರ್, ನಿರಂಜನನ ಸ್ಕೂಟರ್, ಎಲ್ಲಕ್ಕೂ ಕುಂಕುಮ ಇಟ್ಟಿದ್ದಳು. ಚಿತ್ರದ ಚೌಕಟ್ಟಿಗೂ ಇಡಹೋಗಿ, ಬೆರಳು ಜಾರಿ ಒಳಗೆ ತಾಗಿತ್ತು. ಇಷ್ಟೊಂದು ಹನಿಗಳ ನಡುವೆ ಇದೊಂದು ಯಾರಿಗೆ ಕಂಡೀತು ಅಂತ ಬಾಯಿ ಮುಚ್ಚಿಕೊಂಡಿದ್ದಳು. ಮೊದಲೆಲ್ಲ ನಿರಂಜನನ ಮುಖ ನೋಡುವ ಆಸೆಗೇ ಮುಂಚಿನ ಬಸ್ಸು ಹಿಡಿಯುತ್ತಿದ್ದವಳು. ಅಂದಿನಿಂದ ಅವನು ಕಾಫಿ ಕೊಟ್ಟರೂ ಲೋಟವನ್ನೇ ನೋಡುತ್ತಿದ್ದಳು.

"ಏನ್ ಧೈರ್ಯ ರೀ ನಿಮ್ಮಜ್ಜಂದು! ಕ್ಯಾಟಲಾಗಿನ ಮುಖಪುಟಕ್ಕೆ ಈ ಹನೀನೇ ಹಾಕ್ತೀನಿ," ಅಂದರು ಪಂಕಜಾ ಮೇಡಂ.

ನಿರಂಜನ ಪಕ್ಕದ ಸ್ಟೂಲನ್ನು ಅವರತ್ತ ಸರಿಸಿದ.

"ಮೇಡಂ, ಅದು ಬಣ್ಣ ಅಲ್ಲ." ದಿವ್ಯಳ ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು. "ಕುಂಕುಮ. ಪೂಜೆ ದಿನ ನಾನೇ ಇಟ್ಟಿದ್ದು. ತಪ್ಪಾಯ್ತು."

ಪಂಕಜಾ ಮೇಡಂ ಮುಖ ಆ ಹನಿಗಿಂತ ಕೆಂಪಾಯಿತು. ಕನ್ನಡಕ ತೆಗೆದು ಪರ್ಸಿಗೆ ಹಾಕಿದರು. "ಒರೆಸಿ ಕಳಿಸಿಕೊಡಿ. ನಾನಂದಿದ್ದು ಹೊರಗೆ ಹೇಳ್ಬೇಡ್ರಮ್ಮಾ," ಅಂದು ಹೊರಟೇಬಿಟ್ಟರು.

ದಿವ್ಯ ನೆಲ ನೋಡುತ್ತಾ ನಿಂತಳು. "ನಾಳೆಯಿಂದ ಬರಲ್ಲ ಸರ್."

"ನಮ್ಮಜ್ಜ ಕೆಂಪು ಮುಟ್ಟಿದೋರೇ ಅಲ್ಲ ಕಣ್ರೀ. ಅವತ್ತು ಸಾಯಂಕಾಲಾನೇ ಈ ಹನಿ ನೋಡ್ದೆ."

"ಮತ್ಯಾಕೆ ಒರೆಸ್ಲಿಲ್ಲ?"

"ನಿಮ್ ಬೆರಳಿನ ಗುರುತು. ಕೈ ಬರಲಿಲ್ಲ." ಈಗ ತಲೆ ತಗ್ಗಿಸುವ ಸರದಿ ಅವನದು. "ಇವತ್ತೂ ಸುಮ್ನೆ ನಿಂತಿದ್ದೆ, ಅಜ್ಜನ ಹೆಸರಲ್ಲಿ ಸುಳ್ಳು ನಡೀತಿದ್ರೂ. ನಾಚಿಕೆಗೇಡು. ನೀವೇ ವಾಸಿ."

ಒಣ ಬ್ರಶ್ಶು ತಂದು ಅವಳ ಕೈಗೆ ಕೊಟ್ಟ. ಉಸಿರು ಬಿಗಿಹಿಡಿದು ಮೆಲ್ಲಗೆ ಸವರಿದಳು. ಕುಂಕುಮ ಪುಡಿಪುಡಿಯಾಗಿ ಅಂಗೈಗೆ ಉದುರಿತು. ಅಜ್ಜನ ಕಪ್ಪು ಎಳೆ ಮತ್ತೆ ಕಂಡಿತು.

"ಇದನ್ನ ಎಲ್ಲಿ ಹಾಕ್ಲಿ?"

"ಸ್ಕೂಟರಿಗೂ ಇಟ್ರಿ, ಸ್ಟೂಲಿಗೂ ಇಟ್ರಿ. ನನಗೊಬ್ಬನಿಗೆ ಇಡ್ಲಿಲ್ಲ," ಅಂದು ನಿರಂಜನ ಬಗ್ಗಿ ಹಣೆ ಒಡ್ಡಿದ.

ದಿವ್ಯ ಅಂಗೈಯ ಪುಡಿಯನ್ನು ಬೆರಳಿಗೆ ಒತ್ತಿಕೊಂಡಳು. ಈ ಸಲ ಬೆರಳು ಜಾರಲಿಲ್ಲ.