ಮರಳುಗಾಡಿನ ಕೋಟಿಲಿಂಗ

ಜೀಪು ಹೊರಡಬೇಕಾದರೆ ಮೂರು ಜನ ಬೇಕೇ ಬೇಕು ಎಂದು ಟೂರಿನವರು ಖಡಾಖಂಡಿತವಾಗಿ ಹೇಳಿದ್ದರು. ಪರ್ತ್‌ನಿಂದ ಉತ್ತರಕ್ಕೆ ಕಡಲಂಚಿನ ದಾರಿ ಹಿಡಿದು, ಲ್ಯಾನ್ಸೆಲಿನ್‌ನ ಬಿಳಿ ಮರಳುದಿಬ್ಬಗಳನ್ನು ಹತ್ತಿ ಜಾರಿ, ಅಲ್ಲಿಂದ ಪಿನಾಕಲ್ಸ್ ಎಂಬ ಕಲ್ಲುಕಂಬಗಳ ಮರಳುಗಾಡು ಹೊಕ್ಕು, ಹೊತ್ತು ಮುಳುಗುವುದರೊಳಗೆ ಮನೆ ಸೇರುವುದು. ಇದು ಉದಯಶಂಕರನ ಶನಿವಾರದ ದಂಡಯಾತ್ರೆ. ಅವನೊಬ್ಬ, ಹೆಂಡತಿ ಸುಮತಿ ಒಬ್ಬಳು. ಗೆಳೆಯರೆಲ್ಲ ಆಗಲೇ ಹೋಗಿಬಂದು ಆಫೀಸಿನಲ್ಲಿ ಮೀಸೆ ತಿರುವುತ್ತಿದ್ದರು. ಉಳಿದವರೆಂದರೆ ಮೂರು ತಿಂಗಳ ಮಟ್ಟಿಗೆ ಮೈಸೂರಿನಿಂದ ಬಂದಿದ್ದ ಅವನ ಸೋದರತ್ತೆ ತುಂಗಮ್ಮ.

"ಮರಳು ನೋಡೋಕೆ ಅಷ್ಟು ದೂರ ಯಾಕೋ? ಎದುರುಗಡೆ ಮನೆ ಕಟ್ತಿದಾರಲ್ಲ, ಅಲ್ಲೇ ಒಂದು ರಾಶಿ ಬಿದ್ದಿದೆ" ಎಂದರು ಅವರು. ಅವರಿದ್ದ ಹೊಸ ಬಡಾವಣೆ ಪಿಯಾರಾ ವಾಟರ್ಸ್‌ನಲ್ಲಿ ಆಗ ಯಾವ ಬೀದಿಗೆ ಹೋದರೂ ಮನೆ ಕಟ್ಟುತ್ತಲೇ ಇದ್ದರು.

ಉದಯಶಂಕರ ಫೋನಿನಲ್ಲಿ ಫೋಟೋ ತೋರಿಸಿದ. "ಬರೀ ಮರಳಲ್ಲ ಅತ್ತೆ. ನೋಡಿ, ನೆಲದಿಂದ ಲಿಂಗಗಳು ಎದ್ದಿವೆ. ಸಾವಿರಾರು. ಯಾರೂ ಕೆತ್ತಿದ್ದಲ್ಲ."

ಅಲ್ಲಿಯವರೆಗೆ ಆಡಿದ್ದರಲ್ಲಿ ದೊಡ್ಡ ಸುಳ್ಳೇನೂ ಇರಲಿಲ್ಲ. ಆದರೆ ತುಂಗಮ್ಮ ಕನ್ನಡಕ ಏರಿಸಿ, ಉಸಿರು ಬಿಗಿಹಿಡಿದು ಕೇಳಿದರು: "ಪೂಜೆ ನಡೆಯತ್ತೇನೋ?"

"ನಡೆಯತ್ತೆ. ಕೊನೇಲಿ ಎಲ್ಲಕ್ಕಿಂತ ದೊಡ್ಡದು ಒಂದಿದೆ. ಅಲ್ಲಿ ಅರ್ಚಕರೂ ಇದಾರೆ, ನಮ್ಮ ಕಡೆಯೋರೇ."

ಮಾತು ನಾಲಿಗೆಯಿಂದ ಜಾರಿ ಹೋಯಿತು. ತುಂಗಮ್ಮ ಫೋನಿಗೇ ಕೈಮುಗಿದರು. ನಾಳೆ ದಾರಿಯಲ್ಲಿ ನಗುನಗುತ್ತಾ ನಿಜ ಹೇಳಿಬಿಟ್ಟರಾಯಿತು ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಬೆಳಿಗ್ಗೆ ಕ್ಯಾನಿಂಗ್ಟನ್ ಶಾಪಿಂಗ್ ಸೆಂಟರಿನ ಪಾರ್ಕಿಂಗಿನಲ್ಲಿ ಜೀಪು ಕಾದಿತ್ತು. ಗೈಡ್ ಜೆಫ್ರಿ ಮಂಗಳೂರಿನವನು, ದುಬೈಯಲ್ಲಿ ವರ್ಷಗಟ್ಟಲೆ ಮರಳಿನ ಮೇಲೆ ಗಾಡಿ ಓಡಿಸಿ ಬಂದವನು. "ಅಲ್ಲಿ ಒಂಟೆ, ಇಲ್ಲಿ ಕಾಂಗರೂ. ಮರಳಿಗೆ ಎರಡೂ ಒಂದೇ" ಎಂದು ನಕ್ಕು, ಕೂಡಲೇ ಮುಖ ಗಂಭೀರ ಮಾಡಿದ. "ಇವತ್ತು ನಲವತ್ತು ಡಿಗ್ರಿ ದಾಟ್ತದೆ. ಬಾಯಾರಿದ ಮೇಲೆ ಕುಡಿಯುವುದಲ್ಲ, ಮೊದಲೇ ಕುಡಿಯುವುದು. ಎಲ್ಲರದ್ದೂ ಕುಡಿದು ಆಯ್ತಾ ಸರ್?"

ಜೆಫ್ರಿ ಕೊಟ್ಟ ಎರಡು ಬಾಟಲಿಗಳನ್ನು ತುಂಗಮ್ಮ ಜೋಪಾನವಾಗಿ ಚೀಲಕ್ಕೆ ಸೇರಿಸಿದ್ದರು. ಉದಯಶಂಕರನ ಕಿವಿಯಲ್ಲಿ ಮೆಲ್ಲಗೆ ಹೇಳಿದರು: "ದರ್ಶನ ಆಗೋವರೆಗೂ ಹನಿ ನೀರೂ ಮುಟ್ಟಲ್ಲ ಕಣೋ. ನಿನ್ನೆ ರಾತ್ರಿ ಊಟಾನೂ ಬಿಟ್ಟು ಒಪ್ಪೊತ್ತು ಮಾಡಿದೀನಿ."

ನಿಜ ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಹೇಳಿದರೆ ಅತ್ತೆ ಇಳಿದುಬಿಡುತ್ತಾರೆ, ಜೀಪು ನಿಂತುಬಿಡುತ್ತದೆ.

"ಎಲ್ಲರದ್ದೂ ಆಯ್ತು" ಎಂದ ಉದಯಶಂಕರ.

ಲ್ಯಾನ್ಸೆಲಿನ್‌ನ ದಿಬ್ಬಗಳು ಹಿಟ್ಟು ಜರಡಿ ಹಿಡಿದು ಸುರಿದಂತಿದ್ದವು. ಜೀಪು ಗುಟುರು ಹಾಕುತ್ತಾ ನೆತ್ತಿಗೇರಿತು, ಒಂದು ಕ್ಷಣ ಆಕಾಶವನ್ನೇ ನೋಡಿತು, ಮರುಕ್ಷಣ ಮೂಗು ಕೆಳಗೆ ಮಾಡಿ ಧುಮುಕಿತು. ಸುಮತಿ ಕಿರುಚಿದಳು, ತುಂಗಮ್ಮ ಶಿವನ ಹೆಸರು ಕೂಗಿದರು, ಜೆಫ್ರಿ ಹಾಡು ಗುನುಗಿದ. ಆಮೇಲೆ ಉದಯಶಂಕರ ಹಲಗೆಯ ಮೇಲೆ ಕೂತು ಇಳಿಜಾರಿನಲ್ಲಿ ಜಾರಿದ. ಇದಕ್ಕಾಗಿಯೇ ಅವನು ತಿಂಗಳುಗಟ್ಟಲೆ ಹಂಬಲಿಸಿದ್ದ. ಆದರೆ ಪ್ರತಿ ಸಲ ಕೆಳಗೆ ಬಂದು ನಿಂತಾಗಲೂ ಕಣ್ಣು ಜೀಪಿನ ನೆರಳಿಗೇ ಹೋಗುತ್ತಿತ್ತು. ಅಲ್ಲಿ ತುಂಗಮ್ಮ ಕಣ್ಣುಮುಚ್ಚಿ, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಾ ಕಾವ್ಯ ಹೇಳಿಕೊಳ್ಳುತ್ತಿದ್ದರು. ಹರೆಯದಿಂದಲೂ ಗಮಕ ಹೇಳಿದ ಕಂಠ ಅದು. ಬಾಲ್ಯದಲ್ಲಿ ಜ್ವರ ಬಂದಾಗಲೆಲ್ಲ ಅವನು ನಿದ್ದೆ ಹೋಗುತ್ತಿದ್ದುದು ಆ ದನಿಗೇ.

"ರೀ, ಅತ್ತೆ ಬೆಳಿಗ್ಗೆಯಿಂದ ಏನೂ ಮುಟ್ಟಿಲ್ಲ" ಎಂದಳು ಸುಮತಿ.

"ಪ್ರಯಾಣದಲ್ಲಿ ಅವ್ರಿಗೆ ಹಸಿವಾಗಲ್ಲ" ಎಂದ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಕಾವಲು ನಿಂತಿತು.

ನಡುಹಗಲಿಗೆ ಪಿನಾಕಲ್ಸ್ ತಲುಪಿದರು. ಕಣ್ಣು ಹಾಯುವಷ್ಟು ದೂರ ಅರಿಸಿನ ಬಣ್ಣದ ಮರಳು. ಅದರಿಂದ ಮೇಲೆದ್ದ ಸುಣ್ಣಕಲ್ಲಿನ ಕಂಬಗಳು. ಮೊಣಕಾಲೆತ್ತರದವು, ಆಳೆತ್ತರದವು, ಎರಡಾಳೆತ್ತರದವು. ಗುಂಪು ಕಟ್ಟಿಕೊಂಡವು, ಒಂಟಿಯಾಗಿ ನಿಂತವು. ಮೂಡಣದ ಬಿಸಿಗಾಳಿ ಕಂಬಗಳ ನಡುವೆ ಸುಯ್ಯೆಂದು ಹಾಯುತ್ತಿತ್ತು. ಒಂದು ಎಮು ಹಕ್ಕಿ ಕತ್ತು ನೀಡಿ ಇವರನ್ನೊಮ್ಮೆ ನೋಡಿ, ಬೇಸರ ಬಂದಂತೆ ತಿರುಗಿ ನಡೆಯಿತು.

"ಕಲ್ಲಿಗೆ ಕೈ ಹಚ್ಚಬೇಡಿ, ಆಯ್ತಾ? ಈ ನೆಲಕ್ಕೆ ನಮಗಿಂತ ಎಷ್ಟೋ ಮೊದಲಿನ ಮನೆಯವರಿದ್ದಾರೆ, ಇಲ್ಲಿಯ ಮೂಲನಿವಾಸಿಗಳು; ನಾವು ನೆಂಟರು" ಎಂದ ಜೆಫ್ರಿ. ತುಂಗಮ್ಮನ ಕಿವಿಗೆ ಅದು ಬೀಳಲಿಲ್ಲ. ಅವರ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು.

ಜೆಫ್ರಿ ಮತ್ತು ಸುಮತಿ ಊಟದ ಡಬ್ಬಿ ತೆಗೆಯುತ್ತಿದ್ದರು. ತುಂಗಮ್ಮ ಚೀಲ ಹೆಗಲಿಗೇರಿಸಿ ಕಂಬಗಳ ಕಡೆ ಹೊರಟಿದ್ದನ್ನು ಉದಯಶಂಕರ ಕಂಡ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಹಾಗೆಂದು ಕಲಿಸಿದವರು ಅವರೇ. ಅವನು ಕೇಳಲಿಲ್ಲ. ಕೇಳಿದ್ದರೆ ಅರ್ಚಕರ ಮಾತು ಬರುತ್ತಿತ್ತು. ಕ್ಯಾಮೆರಾ ಕಣ್ಣಿಗೆ ಹಿಡಿದು ಬೇರೆ ಕಡೆ ತಿರುಗಿದ.

ಊಟಕ್ಕೆ ಕರೆದಾಗ ಅವರಿರಲಿಲ್ಲ.

ಕೂಗಿದರು. ಉತ್ತರವಿಲ್ಲ. ಹಾರ್ನ್ ಹೊಡೆದರು. ಉತ್ತರವಿಲ್ಲ. ಜೆಫ್ರಿ ಚಾವಣಿ ಹತ್ತಿ ದುರ್ಬೀನು ಹಿಡಿದ. ಕಂಬಗಳು, ಕಂಬಗಳು, ಬಿಸಿಲಿನಲ್ಲಿ ನಡುಗುವ ಕಂಬಗಳು. ಯಾವುದು ಕಲ್ಲು, ಯಾವುದು ಮನುಷ್ಯ ಎಂದು ಹೇಳುವಂತಿರಲಿಲ್ಲ.

ಅವನು ರೇಡಿಯೋದಲ್ಲಿ ರೇಂಜರ್‌ಗೆ ಸುದ್ದಿ ಮುಟ್ಟಿಸಿ ಕೆಳಗೆ ಜಿಗಿದ. "ರೇಂಜರ್ ಆ ತುದಿಯಲ್ಲಿದ್ದಾನೆ, ಬರ್ಲಿಕ್ಕೆ ಹೊತ್ತಾಗ್ತದೆ. ಮೇಡಂ, ನೀವು ಜೀಪು ಬಿಟ್ಟು ಕದಲಬಾರದು. ಆಗಾಗ ಹಾರ್ನ್ ಕೊಡಿ. ಸರ್, ನೀವು ನನ್ನೊಟ್ಟಿಗೆ." ಸುಮತಿಯ ಕೈಗೆ ಒಂದು ವಾಕಿಟಾಕಿ ಕೊಟ್ಟು, ನೀರಿನ ಕ್ಯಾನು ಹೆಗಲಿಗೆ ಹಾಕಿ, ಮರಳಲ್ಲಿ ಜಾರುವ ಹಗ್ಗ ಕಟ್ಟಿದ ಹಲಗೆಯನ್ನು ಕಂಕುಳಿಗೆ ಸಿಕ್ಕಿಸಿದ.

"ಅದ್ಯಾಕೆ?"

"ಅಮ್ಮನಿಗೆ ನಡೀಲಿಕ್ಕೆ ಆಗದಿದ್ರೆ? ಬನ್ನಿ, ಬನ್ನಿ!"

ಗಾಳಿ ಹೆಜ್ಜೆಗುರುತುಗಳನ್ನು ಒರೆಸಿಬಿಟ್ಟಿತ್ತು. ಆದರೆ ಸ್ವಲ್ಪ ದೂರದಲ್ಲಿ ಉದಯಶಂಕರ ನಿಂತುಬಿಟ್ಟ. ಒಂದು ಕಂಬದ ಎದೆಮಟ್ಟದಲ್ಲಿ ಮೂರು ಬಿಳಿ ಗೆರೆ. ವಿಭೂತಿ. ಬುಡದಲ್ಲಿ ಅಂಗೈಯಷ್ಟು ಜಾಗ ಒದ್ದೆಯಾಗಿ, ಆಗಲೇ ಒಣಗುತ್ತಿತ್ತು.

"ಇದೆಂತ ನೀರು?" ಎಂದ ಜೆಫ್ರಿ.

"ಅಭಿಷೇಕ..." ಎಂದ ಉದಯಶಂಕರ. ಕುಡಿಯಲು ಕೊಟ್ಟ ಬಾಟಲಿಗಳನ್ನು ಅವರು ಯಾಕೆ ಅಷ್ಟು ಜೋಪಾನ ಮಾಡಿದರೆಂದು ಈಗ ತಿಳಿಯಿತು. "ಜೆಫ್ರಿ, ಅವರು ಬೆಳಿಗ್ಗೆಯಿಂದ ಒಂದು ಹನಿ ನೀರು ಕುಡಿದಿಲ್ಲ."

"ಎಂತದು? ಎಲ್ಲರದ್ದೂ ಆಯ್ತು ಅಂತ ನೀವೇ ಹೇಳಿದ್ದಲ್ವಾ?"

"ಹೇಳಿದೆ. ಸುಳ್ಳು ಹೇಳಿದೆ."

ಜೆಫ್ರಿಯ ಮುಖ ಕೆಂಪೇರಿತು. "ಎಂತ ಮಾರಾಯ್ರೆ ನೀವು! ಈ ಬಿಸಿಲಿಗೆ ಅದು ಸಾಯುವ ಕೆಲಸ!" ಎಂದವನು ಮುಂದೆ ಬೈಯಲಿಲ್ಲ. ತಾನೂ ಕೇಳಬೇಕಾದವರನ್ನು ಕೇಳದೆ ಬೇರೆಯವರ ಮಾತು ನಂಬಿದೆನಲ್ಲ ಎಂದು ತನ್ನ ಹಣೆಯನ್ನೇ ಚಚ್ಚಿಕೊಂಡ.

ಮುಂದೆ ಯಾವ ಕಡೆ? ಸುತ್ತಲೂ ನೂರು ದಾರಿ. ಉದಯಶಂಕರ ಕಣ್ಣು ಮುಚ್ಚಿ ತನ್ನ ಸುಳ್ಳನ್ನೇ ನೆನೆದ. ಕೊನೇಲಿ ಎಲ್ಲಕ್ಕಿಂತ ದೊಡ್ಡದು ಒಂದಿದೆ. ಕಣ್ಣು ತೆರೆದು ಸುತ್ತ ನೋಡಿದ. "ಅಲ್ಲಿ! ಇದಕ್ಕಿಂತ ಎತ್ತರದ್ದು!"

ಓಡಿದರು. ಅದರ ಮೇಲೂ ಮೂರು ಗೆರೆ ಇತ್ತು. ಅಲ್ಲಿಂದ ಇನ್ನೂ ಎತ್ತರದ್ದು, ಅದರ ಮೇಲೂ ಇತ್ತು. ಹೀಗೆ ಅವನ ಸುಳ್ಳೇ ದಿಕ್ಕು ತೋರಿಸುತ್ತಾ ಮುಂದೆ ಮುಂದೆ ಎಳೆದೊಯ್ದಿತು. ಒಂದು ಕಡೆ ಖಾಲಿ ಬಾಟಲಿ ಸಿಕ್ಕಿತು. ಆಮೇಲೆ ಎರಡನೆಯದೂ. ಬುಡಗಳಲ್ಲಿ ಒದ್ದೆ ನಿಂತು ಹೋಗಿ, ಬರೀ ಗೆರೆಗಳು ಉಳಿದವು.

ಆಮೇಲೆ ಚಪ್ಪಲಿಗಳು. ಗುಡಿಯ ಹೊರಗೆ ಬಿಟ್ಟಂತೆ ಒಂದರ ಪಕ್ಕ ಒಂದು.

ಜೆಫ್ರಿ ಮರಳಿಗೆ ಅಂಗೈ ಇಟ್ಟು ಚಟ್ಟನೆ ಕಿತ್ತುಕೊಂಡ.

ಕಂಬಗಳು ಮುಗಿದವು. ಮುಂದೆ ಕುರುಚಲು ಪೊದೆ, ಅದರಾಚೆ ಅಲೆಯಲೆಯಾಗಿ ಬಿಳಿ ದಿಬ್ಬಗಳು. ಎತ್ತರದ್ದು ಎಂದು ಹುಡುಕಲು ಇನ್ನೇನೂ ಇಲ್ಲ. ಹಿಂದಿನಿಂದ ಹಾರ್ನ್ ಕೇಳುತ್ತಿತ್ತು, ಜೆಫ್ರಿ ಎಡೆಬಿಡದೆ ಸೀಟಿ ಊದುತ್ತಿದ್ದ.

"ಸೀಟಿ ನಿಲ್ಲಿಸಿ. ಹಾರ್ನೂ ನಿಲ್ಲಿಸೋಕೆ ಹೇಳಿ."

"ನಾವು ಶಬ್ದ ಮಾಡದಿದ್ರೆ ಅಮ್ಮನಿಗೆ ಹೇಗೆ ಗೊತ್ತಾಗ್ಬೇಕು?"

"ಅವರ ಶಬ್ದ ನಮಗೆ ಗೊತ್ತಾಗ್ಬೇಕು."

ಜೆಫ್ರಿ ವಾಕಿಟಾಕಿಯಲ್ಲಿ ಸುಮತಿಗೆ ಹೇಳಿದ. ಹಾರ್ನ್ ನಿಂತಿತು. ಉಳಿದದ್ದು ಗಾಳಿ ಮತ್ತು ನೊಣಗಳ ಗುಂಯ್‌ಗುಟ್ಟುವಿಕೆ. ಉದಯಶಂಕರ ಉಸಿರು ಹಿಡಿದು ನಿಂತ. ಗಾಳಿ ಒಮ್ಮೆ ಏರಿತು, ಇಳಿಯಿತು. ಇಳಿದ ಸಂದಿನಲ್ಲಿ ಏನೋ ಇತ್ತು. ಪದಗಳಲ್ಲ. ಬರೀ ನಡೆ. ಮೂರು ನಾಲ್ಕು, ಮೂರು ನಾಲ್ಕು. ಗಾಳಿಗೆ ಭಾಮಿನಿ ಷಟ್ಪದಿ ಬಾರದು.

"ದಿಬ್ಬದ ಆಚೆ!"

ಏರಿದರು. ಮರಳು ಕುಸಿಯಿತು, ಎರಡು ಹೆಜ್ಜೆ ಏರಿದರೆ ಒಂದು ಹೆಜ್ಜೆ ಹಿಂದಕ್ಕೆ. ಕೈಯೂರಿದರು, ಕೈ ಸುಟ್ಟಿತು. ನೆತ್ತಿ ಮುಟ್ಟಿದರು.

ಆಚೆಯ ತಗ್ಗಿನಲ್ಲಿ ಗುಂಪಿನಿಂದ ತಪ್ಪಿಸಿಕೊಂಡಂತೆ ಒಂದೇ ಒಂದು ದೊಡ್ಡ ಕಂಬ. ಅದರ ಗೇಣಗಲದ ನೆರಳಿನಲ್ಲಿ ತುಂಗಮ್ಮ, ಸುಟ್ಟ ಪಾದಗಳನ್ನು ಸೀರೆಯೊಳಗೆ ಸುತ್ತಿಕೊಂಡು ಕುಳಿತಿದ್ದರು. ತುಟಿ ಒಡೆದಿತ್ತು. ಮೈ ಬೆವರುವುದನ್ನೂ ಬಿಟ್ಟಿತ್ತು. ಅವನನ್ನು ಕಂಡು ಪದ್ಯ ನಿಲ್ಲಿಸಿದರು.

"ಬಂದ್ಯಾ ಉದಯ. ಅರ್ಚಕರು ಇನ್ನೂ ಬಂದಿಲ್ಲ ಕಣೋ."

ಅವನು ಮಂಡಿಯೂರಿ ನೀರನ್ನು ತುಟಿಗೆ ಹಿಡಿದ. ಅವರು ಮುಖ ತಿರುಗಿಸಿದರು. "ಮೊದಲು ತೀರ್ಥ ಆಗಲಿ."

"ಅತ್ತೆ, ಕುಡೀರಿ!"

"ಇಲ್ಲೀವರೆಗೂ ಬಂದು ನೇಮ ಕೆಡಿಸ್ಬೇಡವೋ."

ಜೆಫ್ರಿ ಅವನ ಭುಜ ಹಿಡಿದು ಪಿಸುಗುಟ್ಟಿದ. "ಇದೇ ತೀರ್ಥ ಅಂತ ಹೇಳಿ ಕುಡಿಸಿ ಸರ್. ಬೇಗ!"

ಎಷ್ಟು ಸುಲಭ! ಇನ್ನೊಂದು ಮಾತು, ಅಷ್ಟೇ. "ಇದು..." ಎಂದು ಬಾಯಿ ತೆರೆದ. ಮುಂದಿನ ಪದ ಬರಲಿಲ್ಲ. ಆ ಒಣಗಿದ ಮುಖದ ಎದುರು ನಾಲಿಗೆ ಏಳಲಿಲ್ಲ.

"ಅತ್ತೆ, ಅರ್ಚಕರಿಲ್ಲ. ಗುಡಿ ಇಲ್ಲ. ಪೂಜೆ ಯಾವತ್ತೂ ನಡೆದಿಲ್ಲ. ನಾನು ಸುಳ್ಳು ಹೇಳಿದೆ."

ತುಂಗಮ್ಮ ಅವನನ್ನೇ ನೋಡಿದರು. "ಯಾಕೋ?"

"ಜೀಪು ಹೊರಡೋಕೆ ಮೂರನೆಯವರು ಬೇಕಾಗಿತ್ತು."

ಗಾಳಿ ಬೀಸಿತು. ಕಂಬದ ಮೇಲಿನ ವಿಭೂತಿ ಸ್ವಲ್ಪ ಸ್ವಲ್ಪವಾಗಿ ಉದುರಿತು. ಅವರು ಕೈ ಚಾಚಿದರು.

"ಹಾಗಾದ್ರೆ ಕೊಡು ನೀರು. ನೇಮ ಏನೂ ಇಲ್ಲವಲ್ಲ."

ಗುಟುಕು ಗುಟುಕಾಗಿ ಕುಡಿಸಿದರು. ಜೆಫ್ರಿ ಅಂಗಿ ಬಿಚ್ಚಿ ನೆನೆಸಿ ಅವರ ನೆತ್ತಿಗೆ ಹಾಕಿದ. ಉದಯಶಂಕರ ತನ್ನ ಕಾಲುಚೀಲ ಕಳಚಿ, ಒದ್ದೆ ಮಾಡಿ ಅವರ ಪಾದಗಳಿಗೆ ತೊಡಿಸಿದ. ಬೊಬ್ಬೆಗಳು ಒಡೆಯದಂತೆ ಮೆಲ್ಲಗೆ ಎಳೆದ.

ಹಲಗೆಯ ಮೇಲೆ ಕೂರಿಸಿದರು. ಜೆಫ್ರಿ ಮುಂದಿನಿಂದ ಹಗ್ಗ ಎಳೆದ, ಉದಯಶಂಕರ ಹಿಂದಿನಿಂದ ದೂಡಿದ. ದಿಬ್ಬದ ಮೈ ಜರಿಯಿತು. ಹಲಗೆ ಓಲಾಡಿತು. ಅವನು ಎದೆಯನ್ನೇ ಒಡ್ಡಿ ತಡೆದ. ಬಾಯಿ ತುಂಬ ಮರಳು.

"ಇದರ ಮೇಲೆ ಜಾರೋಕೇನೋ ನೀನು ನನ್ನನ್ನ ಕರ್ಕೊಂಡು ಬಂದಿದ್ದು?" ಮೇಲಿನಿಂದ ಕ್ಷೀಣವಾಗಿ ದನಿ ಬಂತು.

"ಹೂಂ ಅತ್ತೆ."

"ದೂಡು ಹಾಗಾದ್ರೆ."

ದೂಡಿದ. ನೆತ್ತಿ ದಾಟಿದರು. ಇಳಿಜಾರಿನಲ್ಲಿ ಹಲಗೆ ನುಗ್ಗದಂತೆ ಹಿಡಿದು ಇಳಿಸಿದರು. ಪೊದೆಗಳ ನಡುವೆ ಕೈಕುರ್ಚಿ ಮಾಡಿ ಹೊತ್ತರು. ಅಷ್ಟರಲ್ಲಿ ಕಂಬಗಳ ನಡುವಿನಿಂದ ರೇಂಜರನ ಬಿಳಿ ಗಾಡಿ ಧೂಳೆಬ್ಬಿಸುತ್ತಾ ಬಂತು. ಅದರ ಹಿಂದಿನಿಂದ ಸುಮತಿ ಜಿಗಿದು ಓಡಿಬಂದಳು.

ಹತ್ತಿರದ ಊರಿನ ಆರೋಗ್ಯ ಕೇಂದ್ರದ ನರ್ಸ್ ಪಾದಗಳಿಗೆ ಪಟ್ಟಿ ಕಟ್ಟಿ, ಉಪ್ಪು ಸಕ್ಕರೆ ನೀರು ಕುಡಿಸಿ, ಸಂಜೆಯವರೆಗೆ ಮಲಗಿಸಿಕೊಂಡಳು. ಇನ್ನೂ ಸ್ವಲ್ಪ ತಡವಾಗಿದ್ದರೆ ಎಂದು ಶುರು ಮಾಡಿದವಳು ಉದಯಶಂಕರನ ಮುಖ ನೋಡಿ ಮಾತು ಮುಗಿಸಲಿಲ್ಲ. ಸುಮತಿಗೆ ಅವನು ಎಲ್ಲವನ್ನೂ ಹೇಳಿದ. ಅವಳು ಎದ್ದು ಹೋಗಿ ಅತ್ತೆಯ ಪಕ್ಕ ಕುಳಿತಳು. ಅವಳು ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವನು ರೇಂಜರನ ಅನುಮತಿ ಕೇಳಿ, ಅವನ ಗಾಡಿಯಲ್ಲೇ ಮರಳಿ ಹೋಗಿ, ಕಂಬದಿಂದ ಕಂಬಕ್ಕೆ ನಡೆದು, ಉಳಿದಿದ್ದ ಬೂದಿಯನ್ನು ತನ್ನ ಕರ್ಚೀಫಿನಿಂದ ಒರೆಸಿ ಬಂದ. ಚಪ್ಪಲಿ, ಬಾಟಲಿಗಳನ್ನೂ ತಂದ.

ವಾಪಸು ದಾರಿಯಲ್ಲಿ ಸೂರ್ಯ ಕಡಲಿಗೆ ಇಳಿಯುತ್ತಿದ್ದ. ತುಂಗಮ್ಮನ ಫೋನ್ ಹೊಡೆದುಕೊಂಡಿತು. ಅವರ ಗಮಕದ ಜೊತೆಗಾತಿ ಕಸ್ತೂರಮ್ಮ. ಬ್ರಿಸ್ಬೇನಿನ ಟೂವಾಂಗ್‌ನಲ್ಲಿ ಮಗಳ ಮನೆಗೆ ಬಂದವರು. ಅವರ ದನಿ ಜೀಪಿಗೆಲ್ಲ ಕೇಳಿಸುವಷ್ಟು ದೊಡ್ಡದು.

"ತುಂಗಾ, ದರ್ಶನ ಆಯ್ತೇನೇ? ನಿನ್ನೆ ನೀನು ಹೇಳಿದಾಗಿಂದ ನನಗೆ ನಿದ್ದೆ ಇಲ್ಲ. ನಾವೂ ಬರ್ತೀವಿ ಕಣೇ, ಇಲ್ಲಿ ಭಜನೆಯವರೆಲ್ಲ ಹೊರಟಿದಾರೆ. ಅಳಿಯಂದ್ರು ಟಿಕೆಟ್ ನೋಡ್ತಿದಾರೆ!"

ತುಂಗಮ್ಮ ಉದಯಶಂಕರನ ಮಾನ ಉಳಿಸಲೂ ಇಲ್ಲ, ಕಳೆಯಲೂ ಇಲ್ಲ. ಫೋನನ್ನು ಮುಂದಿನ ಸೀಟಿಗೆ ಚಾಚಿದರು.

"ನೀನೇ ಹೇಳು."

ಉದಯಶಂಕರ ಫೋನ್ ತೆಗೆದುಕೊಂಡ. "ಕಸ್ತೂರಮ್ಮ, ನಾನು ಉದಯ. ಟಿಕೆಟ್ ತೆಗೀಬೇಡಿ. ಅಲ್ಲಿ ದೇವಸ್ಥಾನ ಇಲ್ಲ. ಇದೆ ಅಂತ ಅತ್ತೆಗೆ ಸುಳ್ಳು ಹೇಳಿದ್ದು ನಾನು." ಮೊದಲಿಂದ ಕೊನೆಯವರೆಗೆ ಹೇಳಿದ. ಆ ಕಡೆಯಿಂದ "ತುಂಗಾ ಹೇಗಿದಾಳೆ?" ಎಂದಷ್ಟೇ ಬಂತು.

"ಪಾದ ಸುಟ್ಟಿದೆ. ಜೊತೆಗಿದಾರೆ. ಮನೆಗೆ ಕರ್ಕೊಂಡು ಹೋಗ್ತಿದೀನಿ."

ಫೋನ್ ಮರಳಿಸುವಾಗ ಅವನಿಗೆ ಹಿಂದಕ್ಕೆ ನೋಡಲು ಧೈರ್ಯ ಬರಲಿಲ್ಲ. ತುಂಗಮ್ಮ ಜೆಫ್ರಿಯನ್ನು ಕೇಳಿದರು: "ಏನಪ್ಪಾ, ದಾರೀಲಿ ಎಲ್ಲಾದರೂ ಒಂದು ಲೋಟ ಟೀ ಸಿಗತ್ತಾ?"

"ಮುಂದೆ ಸರ್ವೋ ಅಂತ ಒಂದು ಬಂಕು ಉಂಟು ಅಮ್ಮ. ಪೆಟ್ರೋಲ್ ಹಾಕಿಸ್ಬೇಕು, ನಿಲ್ಲಿಸುವ."

ಉದಯಶಂಕರ ಓಡಿಹೋಗಿ ಟೀ ತಂದ. ಕಿಟಕಿಯ ಬಳಿ ನಿಂತು ಎರಡೂ ಕೈಯಲ್ಲಿ ಚಾಚಿದ. ತುಂಗಮ್ಮ ಅವನ ಮುಖ ನೋಡದೆ ತೆಗೆದುಕೊಂಡರು, ಆರಿಸಿಕೊಂಡರು. ಸುಮತಿ "ನೀವೂ ಒಂದು ತಗೊಳ್ಳಿ" ಎಂದಳು. ಅವನು ಕದಲಲಿಲ್ಲ. ಅತ್ತೆ ಮೊದಲ ಗುಟುಕು ನುಂಗುವುದನ್ನು ಕಣ್ಣಾರೆ ನೋಡಿದ ಮೇಲೆಯೇ ತನ್ನ ಸೀಟಿಗೆ ಹತ್ತಿದ.