ನುಣುಪಯ್ಯನ ಮೂಗುದಾರ

ನಿಮ್ಮಜ್ಜನ ಅಜ್ಜನಿಗೆ ಹಾಲುಹಲ್ಲು ಮೂಡುವುದಕ್ಕೂ ಎಷ್ಟೋ ಮೊದಲು, ಏಳು ಬೆಟ್ಟಗಳಾಚೆ ಹೊಂಬೆಳಗು ಅನ್ನೋ ರಾಜ್ಯವೊಂದಿತ್ತು. ಅಲ್ಲಿನ ರಾಜ ತುಂಬಾ ಒಳ್ಳೆಯವನು. ತೋಟದ ಹಣ್ಣೆಲ್ಲ ಜನರಿಗೇ ಬಿಟ್ಟುಕೊಟ್ಟಿದ್ದ. "ಆ ಕಪ್ಪು ಬಾವಿಯ ನೀರೊಂದು ಬೇಡ ಮಕ್ಕಳೇ, ಕುಡಿದರೆ ಕೆಡುತ್ತೀರಿ" ಅಂದಿದ್ದ. ಬಾವಿಗೆ ಬೇಲಿಯಿರಲಿಲ್ಲ, ಕಾವಲೂ ಇರಲಿಲ್ಲ.

ಅಲ್ಲಿಗೆ ನುಣುಪಯ್ಯ ಅನ್ನೋ ಮಾಂತ್ರಿಕ ಬಂದ. ಮಾತು ಬೆಣ್ಣೆ, ಆದರೆ ಅವನ ಕಣ್ಣು ಒಮ್ಮೆಯೂ ರೆಪ್ಪೆ ಬಡಿಯುತ್ತಿರಲಿಲ್ಲ. "ರಾಜ ಒಳ್ಳೇದನ್ನ ತನಗೇ ಬಚ್ಚಿಟ್ಟುಕೊಂಡಿದ್ದಾನೆ ಕಣಮ್ಮ" ಅಂತ ಆ ಊರಿನ ಸೂಸಮ್ಮ ಅನ್ನೋಳ ಕಿವಿಯಲ್ಲಿ ಊದಿದ. ಸೂಸಮ್ಮ ಬಾವಿಯ ನೀರು ಕುಡಿದಳು. ಗಂಡ ಲಾಜರಪ್ಪನಿಗೂ ಕೊಟ್ಟಳು. ಅವನೇನು ಬೇಡ ಅಂದನೇ? ಗಟಗಟ ಕುಡಿದ. ರಾಜ ಕೇಳಿದಾಗ ಮಾತ್ರ "ಇವಳೇ ಕೊಟ್ಟಿದ್ದು" ಅಂತ ಹೆಂಡತಿ ಕಡೆ ಬೆರಳು ತೋರಿಸಿದ. ಥೂ, ಇದೂ ಒಂದು ಗಂಡಸುತನ! ಅವರನ್ನು ನೋಡಿ ಊರವರೂ ಕುಡಿದರು. ನಾಚಿಕೆ, ಸುಳ್ಳು, ಸಾವು ಮೂರೂ ಅವತ್ತೇ ಆ ನಾಡಿಗೆ ಬಂದವು.

ಸೂಸಮ್ಮನಿಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಆಗ ನುಣುಪಯ್ಯ ಮತ್ತೆ ಬಂದ.

"ತಪ್ಪು ನಿನ್ನದಲ್ಲ ತಾಯಿ, ನಿನ್ನ ಮನಸ್ಸಿನದು. ಅದನ್ನ ನನ್ನ ಕೈಗೆ ಕೊಟ್ಟುಬಿಡು. ಇನ್ನೆಂದೂ ತಪ್ಪೇ ಆಗೋದಿಲ್ಲ. ನಾನು ಬಲವಂತ ಮಾಡೋನಲ್ಲ, ನೀನೇ ಕಟ್ಟಿಕೋ."

ಕೂದಲಿಗಿಂತ ಸಣ್ಣ ದಾರ ಕೊಟ್ಟ. ಎತ್ತಿಗೆ ಮೂಗುದಾರ ಪೋಣಿಸುವ ಹಾಗೆ ಸೂಸಮ್ಮ ತನ್ನ ಮೂಗಿಗೆ ತಾನೇ ಪೋಣಿಸಿಕೊಂಡು ಗಂಟು ಹಾಕಿದಳು. ಇನ್ನೊಂದು ತುದಿ ಅವನ ಕೈಲಿ. ಆಮೇಲೆ ಲಾಜರಪ್ಪ ಕಟ್ಟಿಕೊಂಡ, ಆಮೇಲೆ ಊರಿಗೆ ಊರೇ.

ಕಳ್ಳತನ ನಿಂತಿತು, ಜಗಳ ನಿಂತಿತು. ಆದರೆ ಬೆಳಗಿನ ಇಬ್ಬನಿಯಲ್ಲಿ ನೋಡಬೇಕಿತ್ತು! ಒಂದೊಂದು ಹೊಸ್ತಿಲಿನಿಂದ ಒಂದೊಂದು ಎಳೆ ಹೊರಟು, ಬೀದಿಯುದ್ದಕ್ಕೂ ಮಿನುಗುತ್ತಾ ನುಣುಪಯ್ಯನ ಕಿಟಕಿ ಸೇರುತ್ತಿತ್ತು. ಅವನು ಎಳೆದರೆ ಎಲ್ಲ ಬಾಗಿಲೂ ಒಟ್ಟಿಗೆ ತೆರೆಯುತ್ತಿದ್ದವು, ಎಲ್ಲ ಪೊರಕೆಯೂ ಒಟ್ಟಿಗೆ ಆಡುತ್ತಿದ್ದವು. ಯಾರ ಕಣ್ಣೂ ರೆಪ್ಪೆ ಬಡಿಯುತ್ತಿರಲಿಲ್ಲ. ಎಲ್ಲರ ಮುಖದಲ್ಲೂ ಅದೇ ನಗು.

ಚಿಕ್ಕವರಿಗೆ ದಾರ ಹಾಕುತ್ತಿರಲಿಲ್ಲವಾದ್ದರಿಂದ ಸೂಸಮ್ಮನ ಮಗಳು ರಾಹೇಲಿ ಉಳಿದಿದ್ದಳು. ಜ್ವರ ಬಂದು ನರಳಿದರೆ ಅವ್ವ ನಗುತ್ತಾ "ಸರಿ ಮಗಳೇ" ಅನ್ನುತ್ತಿದ್ದಳು. ಬೇಕೆಂದೇ ಗಡಿಗೆ ಒಡೆದರೂ ಅದೇ "ಸರಿ ಮಗಳೇ". "ಬೈಯವ್ವಾ, ಒಂದ್ಸಲ ಬೈಯಿ" ಅಂತ ಹುಡುಗಿ ಅವಳ ಮಡಿಲಲ್ಲಿ ಬಿದ್ದು ಅತ್ತಳು. ಹೇಗಾದರೂ ಅವ್ವನನ್ನು ವಾಪಸ್ಸು ತರಲೇಬೇಕು ಅಂತ ನಿಶ್ಚಯ ಮಾಡಿದಳು.

ಮೊದಲು ಕುಡುಗೋಲು ತಂದು ದಾರ ಕೊಯ್ದಳು. ಕೊಯ್ದ ತುದಿಗಳು ಹುಳದಂತೆ ಮಿಸುಕಾಡಿ ಮತ್ತೆ ಕೂಡಿಕೊಂಡವು. ಆಮೇಲೆ ಕೊಳ್ಳಿ ಹಿಡಿದಳು. ದಾರ ಸುಡಲಿಲ್ಲ, ರಾಹೇಲಿಯ ಬೆರಳು ಸುಟ್ಟಿತು. ಸುಟ್ಟ ಬೆರಳನ್ನು ನೋಡುತ್ತಾ ಅವ್ವ ನಕ್ಕಳು.

ರಾಹೇಲಿ ಓಡಿದಳು. ರಾಜ ಸಂಜೆಯ ತಂಪಿನಲ್ಲಿ ತೋಟದಲ್ಲಿ ತಿರುಗಾಡುತ್ತಿದ್ದ.

"ಒಡೆಯಾ, ನೀನು ರಾಜ. ಅವ್ವನ ಆ ದಾರ ಹರಿದುಹಾಕು!"

"ನಾನು ಹರಿದು ಎಳಕೊಂಡು ಬಂದರೆ ಅವಳು ನನ್ನ ದಾರಕ್ಕೆ ಬಿದ್ದ ಹಾಗಾಯ್ತು ಮಗಳೇ. ದಿನಾ ನಿಮ್ಮ ಬಾಗಿಲಿಗೆ ಬಂದು ಹೆಸರು ಹಿಡಿದು ಕೂಗ್ತೀನಿ. ಅವಳಿಗೆ ಕೇಳಿಸುತ್ತೆ. ಬಿಚ್ಚಿಕೊಂಡರೆ ನನ್ನ ಮುಖ ನೋಡಬೇಕಲ್ಲ ಅಂತ ಹೆದರಿದ್ದಾಳೆ."

"ಹಂಗಾದ್ರೆ ನಾನೇ ನೋಡ್ಕೋತೀನಿ" ಅಂತ ಸಿಟ್ಟಿನಿಂದ ಹೊರಟ ಹುಡುಗಿ ನೇರ ನುಣುಪಯ್ಯನ ಮನೆಗೆ ಹೋದಳು. ರಾಜ ಬೇಡ ಅನ್ನಲಿಲ್ಲ, ಅವಳ ಹಿಂದೆಯೇ ನಡೆದ.

"ಅವ್ವನ್ನ ಬಿಡು. ಬದಲಿಗೆ ನಾನು ಕಟ್ಟಿಕೊಳ್ತೀನಿ" ಅಂದಳು ರಾಹೇಲಿ.

"ಆಗಲಿ ಬಂಗಾರಿ" ಅಂತ ನುಣುಪಯ್ಯ ಒಂದು ಎಳೆ ಜಗ್ಗಿದ. ಸೂಸಮ್ಮ ಹೆಜ್ಜೆ ಎಳೆಯುತ್ತಾ ಬಂದು ನಿಂತಳು. "ಮೊದಲು ನೀನು ಕಟ್ಟಿಕೋ. ಆಮೇಲೆ ಬಿಡ್ತೀನಿ." ಬಿಡುತ್ತಿದ್ದನೇ ಆ ಪಾಪಿ? ಹಸಿ ಸುಳ್ಳು!

ರಾಹೇಲಿ ದಾರವನ್ನು ಮೂಗಿನ ಹತ್ತಿರ ತಂದಳು. ಸೂಸಮ್ಮನ ನಗು ಹಾಗೇ ಇತ್ತು. ಆದರೆ ರೆಪ್ಪೆ ಒಂದು ಸಲ ಬಡಿಯಿತು. ಬಲಗೈ ಮೆಲ್ಲಗೆ ಮೇಲೆದ್ದಿತು. ನುಣುಪಯ್ಯ ದಾರವನ್ನು ಜೋರಾಗಿ ಜಗ್ಗಿದ, ಮೂಗಿನಿಂದ ರಕ್ತ ಸುರಿಯಿತು, ಕೈ ನಿಲ್ಲಲಿಲ್ಲ. ತಾನೇ ಹಾಕಿದ ಗಂಟನ್ನು ಸೂಸಮ್ಮ ತಾನೇ ಬಿಚ್ಚಿದಳು. ಬಿಚ್ಚಿದವಳೇ ಮಗಳ ಕೈ ಮೇಲೆ ಫಟಾರನೆ ಹೊಡೆದಳು.

"ಬುದ್ಧಿ ಇದೆಯೇನೇ ನಿಂಗೆ? ಅದನ್ನ ಮುಟ್ಟಿದರೆ ಕೈ ಮುರೀತೀನಿ!"

ರಾಹೇಲಿಗೆ ಎಂಥ ಸಂತೋಷ! ಅಳುತ್ತಾ ನಕ್ಕಳು.

ಆದರೆ ಮನಸ್ಸು ಮರಳಿದ್ದರಿಂದ ನೆನಪೂ ಸಂಕಟವೂ ಮರಳಿದವು. ಬಾಗಿಲಾಚೆಯಿಂದ ರಾಜನ ದನಿ ಕೇಳಿತು: "ಸೂಸಮ್ಮಾ, ಎಲ್ಲಿದ್ದೀಯಮ್ಮಾ?"

ಹಿತ್ತಲ ಬಾಗಿಲು ತೆರೆದೇ ಇತ್ತು, ಓಡಿಹೋಗಬಹುದಿತ್ತು. ಸೂಸಮ್ಮ ಮಗಳ ಕೈ ಬಿಗಿಯಾಗಿ ಹಿಡಿದು ಮುಂಬಾಗಿಲಿಗೇ ಬಂದಳು.

"ಇಲ್ಲಿದ್ದೀನಿ ಒಡೆಯಾ. ಕುಡಿದಿದ್ದು ನಾನೇ."

"ಗೊತ್ತು ಮಗಳೇ. ನಾನು ನಿನ್ನನ್ನ ಕ್ಷಮಿಸಿ ಎಷ್ಟೋ ಕಾಲವಾಯ್ತು. ನೀನು ಬಂದು ಇಸ್ಕೊಳ್ಳಲಿ ಅಂತ ಕಾಯ್ತಿದ್ದೆ."

ಸೂಸಮ್ಮ ದಾರವಿಲ್ಲದೆ ಬೀದಿಯಲ್ಲಿ ನಡೆದುಬಂದದ್ದನ್ನು ಊರು ನೋಡಿತು. ಮೊದಲು ಲಾಜರಪ್ಪ ತನ್ನ ಗಂಟು ಬಿಚ್ಚಿ ಎಲ್ಲರೆದುರು ಹೇಳಿದ: "ನನ್ನ ಬಾಯಿಗೆ ಯಾರೂ ಹುಯ್ಯಲಿಲ್ಲ. ನಾನೇ ಕುಡಿದೆ." ಆಮೇಲೆ ಒಬ್ಬೊಬ್ಬರೇ ಬಿಚ್ಚಿಕೊಂಡರು. ಕೆಲವರಿಗೆ ತುಂಬಾ ಹೊತ್ತು ಹಿಡಿಯಿತು. ಕೊನೆಯ ಗಂಟು ಬಿಚ್ಚಿದಾಗ ನುಣುಪಯ್ಯನ ಕಿಟಕಿಯಲ್ಲಿ ಒಂದು ಹಾವಿನ ಪೊರೆ ಮಾತ್ರ ಬಿದ್ದಿತ್ತು. ಗಾಳಿ ಅದನ್ನೂ ಹೊತ್ತೊಯ್ದಿತು.

ಆಮೇಲೆ ಅವರು ತಪ್ಪೇ ಮಾಡಲಿಲ್ಲವೇ ಅಂತೀರಾ? ಮಾಡಿದರಪ್ಪಾ, ಬೇಕಾದಷ್ಟು! ಜಗಳವಾಡಿದರು, ಬಿದ್ದರು, ಅತ್ತರು, ರಾಜನ ಬಾಗಿಲು ತಟ್ಟಿದರು, ಎದ್ದು ಬಂದರು. ಹಾಗೆಯೇ ಸುಖವಾಗಿ ಬಾಳಿದರು. ಗಂಟು ಬಿಚ್ಚಿದ ಆ ದಿನ ಸೂಸಮ್ಮ ಮಗಳ ಸುಟ್ಟ ಬೆರಳಿಗೆ ಬೆಣ್ಣೆ ಸವರಿ, ತಟ್ಟೆಗೆ ಬಿಸಿ ಮುದ್ದೆ ಬಡಿಸಿ, ತಾನೇ ತುತ್ತು ಮಾಡಿ ತಿನ್ನಿಸಿದಳು, ಯಾರೂ ಎಳೆಯದೆ.