ಕಳೆಯುವ ಲೆಕ್ಕ

"ನಿಮ್ ಲೆನ್ಸ್ ಸರಿ ಇಲ್ಲ ಕಣ್ರೀ! ಒಂದು ಹಕ್ಕೀನೂ ನೆಟ್ಟಗೆ ಬಂದಿಲ್ಲ!"

ಬಾಡಿಗೆಗೆ ಒಯ್ದಿದ್ದ ಲೆನ್ಸು, ಸ್ಟ್ಯಾಂಡು, ಫ್ಲ್ಯಾಶು... ಎಲ್ಲವನ್ನೂ ಕೌಂಟರ್ ಮೇಲೆ ಸುರಿದು ಅವನು ಸಿಡುಕಿದ. ಅಣ್ಣನ ಕ್ಯಾಮೆರಾ ಅಂಗಡಿಯಲ್ಲಿ ದಿನವಿಡೀ ಒಬ್ಬಳೇ ಕೂರುವ ಅವಳಿಗೂ ಮೂಗಿನ ತುದಿಯಲ್ಲೇ ಕೋಪ.

"ಲೆನ್ಸ್ ನೆಟ್ಟಗಿದೆ ಸ್ವಾಮಿ! ಯಾವುದು ಹಾಕ್ಲಿ ಅಂತ ನೀವು ಚೀಲ ತಡಕಾಡೋ ಹೊತ್ತಿಗೆ ಹಕ್ಕಿ ಮನೆ ಸೇರಿರುತ್ತೆ. ಯಾಕೆ ಇಷ್ಟೊಂದು ಹೊರ್ತೀರಿ? ಒಂದೊಂದೇ ಬಿಟ್ಟು ನೋಡಿ."

ಅವನು ಗಣಿತದ ಮೇಷ್ಟ್ರು. ಅವಳನ್ನೇ ಒಂದು ಕ್ಷಣ ನೋಡಿ ನಕ್ಕುಬಿಟ್ಟ. "ಅಂದ್ರೆ ಇದು ಕಳೆಯೋ ಲೆಕ್ಕ ಅನ್ನಿ!"

ಆ ನಗುವಿಗೆ ಅವಳ ಎದೆ ಯಾಕೋ ಝಲ್ಲೆಂದಿತು.

ಅಂದಿನಿಂದ ಪ್ರತಿ ಶನಿವಾರ ಬಂದ. ಮೊದಲು ಫ್ಲ್ಯಾಶ್ ಬಿಟ್ಟ, ಆಮೇಲೆ ಸ್ಟ್ಯಾಂಡ್. ಊರೂರು ಅಲೆಯುವುದನ್ನೂ ಬಿಟ್ಟು ಊರಾಚೆಯ ಒಂದೇ ಕೆರೆಯ ದಂಡೆಯಲ್ಲಿ ಕೂರತೊಡಗಿದ. ತೆಗೆದ ಚಿತ್ರಗಳನ್ನು ಮೊದಲು ಅವಳಿಗೇ ತೋರಿಸುತ್ತಿದ್ದ. ಜೊಂಡಿನ ಮೇಲೆ ಕೂತ ಏರೋಪ್ಲೇನ್ ಚಿಟ್ಟೆ, ನೀರಲ್ಲಿ ಅರ್ಧ ಮುಳುಗಿದ ಎಲೆ... ಅಷ್ಟೇ. ಆದರೂ ಅವಳು ನೋಡುತ್ತಲೇ ಇದ್ದುಬಿಡುತ್ತಿದ್ದಳು. ವಾರದ ಉಳಿದ ದಿನಗಳಲ್ಲಿ ಅವಳನ್ನು ಮಾತಾಡಿಸುವವರೆಂದರೆ ಬ್ಯಾಟರಿ ಕೇಳಿ ಬಂದವರು ಮಾತ್ರ.

ಒಂದು ಶನಿವಾರ ಕೊನೆಯ ಲೆನ್ಸನ್ನೂ ತಂದಿಟ್ಟ.

"ನನ್ನ ಹಳೇ ಕ್ಯಾಮೆರಾದಲ್ಲಿ ಇರೋ ಲೆನ್ಸೇ ಸಾಕು. ಬಾಡಿಗೆಗೆ ಇನ್ನೇನೂ ಬೇಡ. ನೀವು ಹೇಳಿದ್ದೇ ಸರಿ."

"ಓ... ಒಳ್ಳೇದಾಯ್ತು."

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಅವಳು ತಲೆ ತಗ್ಗಿಸಿ ಲೆನ್ಸ್ ಒರೆಸುತ್ತಲೇ ಇದ್ದಳು. ಅವನು ಹೊರಟುಹೋದ.

ಮುಂದಿನ ಶನಿವಾರ ಅವನು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

"ಗಿರಾಕಿಗೆ ಬಾಡಿಗೆ ಬೇಡ ಅಂತ ಬುದ್ಧಿ ಹೇಳೋ ಅಂಗಡಿಯವಳು ಲೋಕದಲ್ಲಿ ನೀನೊಬ್ಬಳೇ ಕಣೇ!" ಸಂಜೆ ಲೆಕ್ಕ ನೋಡಲು ಬಂದ ಅಣ್ಣ ರೇಗಿಸಿದ.

ಅವಳೂ ನಕ್ಕಳು. ಆಮೇಲೆ ಒಳಗೆ ಹೋಗಿ, ಖಾಲಿ ಡಬ್ಬಗಳ ಹಿಂದೆ ನಿಂತು ಅತ್ತಳು. 'ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕ್ಕೊಂಡೆನಲ್ಲ! ಲೆನ್ಸಿಗೆ ಬರ್ತಿದ್ದ, ಲೆನ್ಸ್ ಬೇಡವಾಯ್ತು. ನಾನ್ಯಾರು ಅವನಿಗೆ?'

ಇನ್ನೊಂದು ಶನಿವಾರ ಬಂದಾಗ ತಡೆಯಲಾಗಲಿಲ್ಲ. ಅಂಗಡಿಗೆ ಬೀಗ ಜಡಿದು ಕೆರೆಗೆ ನಡೆದಳು.

ಅವನು ಅಲ್ಲೇ ಇದ್ದ. ಕ್ಯಾಮೆರಾ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಅವಳನ್ನು ಕಂಡು ದಡಬಡಿಸಿ ಎದ್ದ.

"ಕಳೀತಾ ಕಳೀತಾ ನನ್ನನ್ನೂ ಕಳೆದುಬಿಟ್ರಾ ಮೇಷ್ಟ್ರೇ?"

"ಅಯ್ಯೋ, ನೀವೇ ಒಳ್ಳೇದಾಯ್ತು ಅಂದ್ರಲ್ಲ! ತಲೆ ಎತ್ತಿ ನೋಡ್ಲೂ ಇಲ್ಲ. ಪೀಡೆ ತೊಲಗ್ತು ಅಂದ್ಕೊಂಡ್ರೇನೋ ಅಂತ..."

"ತಲೆ ಎತ್ತಿದ್ರೆ ಅತ್ತೇಬಿಡ್ತಿದ್ದೆ."

ಅವನು ಹತ್ತಿರ ಬಂದ. ದನಿ ತಗ್ಗಿತು.

"ಅಂಗಡಿ ಬಾಗಿಲವರೆಗೂ ಬಂದು ವಾಪಸ್ ಹೋಗಿದ್ದೀನಿ, ಗೊತ್ತಾ? ನಂಗೆ ಬೇಕಾಗಿದ್ದು ನೀವು. ಅದನ್ನ ಹೇಗೆ ಹೇಳ್ಲಿ? ಒಳಗೆ ಬರೋಕೆ ಒಂದು ನೆಪ ಆದ್ರೂ ಬೇಡ್ವಾ..."

"ನೆಪಾನೂ ಒಂದು ಹೊರೆನೇ. ಅದನ್ನೂ ಬಿಟ್ಟು ಬನ್ನಿ."

"ನಿಮ್ಮಣ್ಣ ಏನು ಬೇಕು ಅಂದ್ರೆ?"

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ನನ್ನನ್ನ ಕೇಳಿ... ಬಾಡಿಗೆಗಲ್ಲ ಮತ್ತೆ!"